ಊರಿನ ಕಂಪ್ಯೂಟರಿನ ಮೆಮೊರಿ ಹೆಚ್ಚಿಸುವುದು
(ನೀರಮಾನ್ವಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಕಾಲುವೆ ನೀರಿನ ವಿಷಯ ಹೇಳುವ ಗ್ರಾಮಸೇವಕ ಇವತ್ತು ಕಂಪ್ಯೂಟರಿನ ಮಾತು ತೆಗೆದನಲ್ಲ ಎಂದು ತಮಗೆ ಆಶ್ಚರ್ಯವಾಗಬಹುದು. ಆದರೆ 2000ದ ಸುಮಾರಿಗೆ ಭೂಮಿ ಯೋಜನೆ ಬಂದು, ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದಿತು. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯ ನೋಂದಣಿಯೂ ಕಂಪ್ಯೂಟರಿನಲ್ಲಿಯೇ. 2022ರಲ್ಲಿ ಕೇಂದ್ರ ಸರ್ಕಾರವು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದುದರಿಂದ ಊರಿನ ಕಂಪ್ಯೂಟರ್ ಕುಂಟಿದರೆ ರೈತನ ಕೆಲಸವೂ ಕುಂಟುತ್ತದೆ.

ಮೂರು ವರ್ಷದ ಹಿಂದಿನ ಮಾತು. ಒಂದು ಊರಲ್ಲಿ ಬೆಳೆವಿಮೆಯ ಕೊನೆಯ ದಿನ. ಮುಂಜಾನೆಯಿಂದ ಜನ ಸಾಲು ನಿಂತಿದ್ದರು. ಒಂದು ಅರ್ಜಿ ಮುಗಿಯಲು ಅರ್ಧ ತಾಸು ಹಿಡಿಯುತ್ತಿತ್ತು. ಹೊತ್ತು ಮುಳುಗಿದಾಗ ಇನ್ನೂ ಹಲವರು ಉಳಿದೇ ಇದ್ದರು. ಅವರಲ್ಲಿ ಎರಡು ಎಕರೆ ಹತ್ತಿ ಹಾಕಿದ್ದ ಒಬ್ಬ ಅಜ್ಜಿಯೂ ಇದ್ದರು. ಆ ವರ್ಷ ಅವರ ಹತ್ತಿಗೆ ವಿಮೆ ಆಗಲೇ ಇಲ್ಲ. ಹೊಸ ಕಂಪ್ಯೂಟರೇ ಬೇಕೆಂದು ಎಲ್ಲರೂ ಅಂದರು. ಬಿಚ್ಚಿ ನೋಡಿದಾಗ, ಬೇಕಾಗಿದ್ದುದು ಗೇಣುದ್ದವೂ ಇಲ್ಲದ ಒಂದು ಮೆಮೊರಿ ಪಟ್ಟಿ ಮಾತ್ರ!

ಮೆಮೊರಿ ಎಂದರೇನು? ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹಗೇವು ಇದ್ದಂತೆ. ಕರೆಂಟು ಹೋದರೂ ಇಟ್ಟದ್ದು ಅಲ್ಲಿಯೇ ಉಳಿಯುತ್ತದೆ. ರ್ಯಾಮ್ ಎಂಬ ಮೆಮೊರಿಯು ಕಣವಿದ್ದಂತೆ. ಕೆಲಸ ನಡೆಯುವುದು ಅಲ್ಲಿ. ಕರೆಂಟು ಹೋದರೆ ಕಣ ಬರಿದು. ಕಣ ಕಿರಿದಾದರೆ ಅರ್ಧ ರಾಶಿಯನ್ನು ತೆಗೆದು ಹಗೇವಿಗೆ ಹಾಕಬೇಕು, ಬೇಕಾದಾಗ ಮತ್ತೆ ಎತ್ತಿ ತರಬೇಕು. ಹೊತ್ತೆಲ್ಲ ಹೊರುವುದರಲ್ಲೇ ಹೋಗುತ್ತದೆ. ಮೆಮೊರಿ ಸಾಲದ ಕಂಪ್ಯೂಟರಿನ ಪಾಡೂ ಇದೇ.

ಮೊದಲು ರೋಗ ಗುರುತಿಸಬೇಕು, ಆಮೇಲೆ ಔಷಧ. ಕೆಲಸ ನಡೆದಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಕೂಡಿ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಮೆಮೊರಿ ನೂರಕ್ಕೆ 85–90ರಷ್ಟು ತುಂಬಿಕೊಂಡೇ ಇದ್ದರೆ ಕಣ ಸಾಲದು ಎಂದರ್ಥ. ಅರ್ಧವೂ ತುಂಬದೆ ಯಂತ್ರ ನಿಧಾನವಾಗಿದ್ದರೆ ದೋಷ ಬೇರೆ ಕಡೆ ಇದೆ: ಇಂಟರ್‌ನೆಟ್ ಇರಬಹುದು, ಹಳೆಯ ಹಾರ್ಡ್ ಡಿಸ್ಕ್ ಇರಬಹುದು. ಆಗ ಮೆಮೊರಿಗೆ ಹಣ ಹಾಕುವುದು ವ್ಯರ್ಥ.

ಎರಡನೆಯದು, ಜಾತಿ ನೋಡಿ ಕೊಳ್ಳಬೇಕು. ಡಿಡಿಆರ್ 3, ಡಿಡಿಆರ್ 4, ಡಿಡಿಆರ್ 5 ಎಂದು ಬೇರೆ ಬೇರೆ ತಳಿಗಳಿವೆ. ಒಂದೊಂದರ ಅಂಚಿನ ಕಚ್ಚು ಒಂದೊಂದು ಕಡೆ. ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ನಾನೇ ಮೊದಲ ಸಲ ಇದನ್ನು ನೋಡದೆ ರಾಯಚೂರಿಗೆ ಹೋಗಿ ಡಿಡಿಆರ್ 4 ತಂದೆ. ಯಂತ್ರ ಡಿಡಿಆರ್ 3ರದು. ಒಂದು ದಿನವೂ ಬಸ್ಸಿನ ಹಣವೂ ಹೋದವು. ಆದುದರಿಂದ ಹಳೆಯ ಪಟ್ಟಿಯ ಮೇಲಿನ ಚೀಟಿಯ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿರಿ. ಲ್ಯಾಪ್‌ಟಾಪಿನ ಪಟ್ಟಿ ಗಿಡ್ಡ. ಅದು ಮೇಜಿನ ಕಂಪ್ಯೂಟರಿಗೆ ಆಗದು. ವಿಂಡೋಸ್ 32 ಬಿಟ್ಟಿನದಾದರೆ 4 ಜಿಬಿಗಿಂತ ಹೆಚ್ಚು ಹಾಕಿ ಫಲವಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಬಹಳ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಯಂತ್ರಗಳಿಗೆ ಕಂಪನಿಗಳು ಅಪಾರ ಮೆಮೊರಿ ಕೊಂಡದ್ದೇ ಇದಕ್ಕೆ ಮುಖ್ಯ ಕಾರಣ. ಆದುದರಿಂದ ಎರಡು ಮೂರು ಅಂಗಡಿ ವಿಚಾರಿಸಿ, ರಸೀದಿ ಪಡೆದೇ ಕೊಳ್ಳಬೇಕು.

ಮೂರನೆಯದು, ಹಾಕುವ ಕ್ರಮ. ಯಂತ್ರ ಆರಿಸಿ ಪ್ಲಗ್ ಕೀಳಿರಿ. ಆಮೇಲೆ ಒಮ್ಮೆ ಸ್ವಿಚ್ಚು ಒತ್ತಿ ಉಳಿದ ಕರೆಂಟು ಇಳಿಸಿರಿ. ಒಣ ಹವೆಯಲ್ಲಿ ಮೈಯ ಮೇಲಿನ ವಿದ್ಯುತ್ತು ಪಟ್ಟಿಯನ್ನು ಸುಡಬಲ್ಲುದು. ಆದುದರಿಂದ ಪೆಟ್ಟಿಗೆಯ ಬಣ್ಣವಿಲ್ಲದ ಕಬ್ಬಿಣವನ್ನು ಮೊದಲು ಮುಟ್ಟಿರಿ. ಒಳಗಿನ ಧೂಳು ತೆಗೆಯಿರಿ. ಖಾಲಿ ಗಾಡಿಯ ಕೊಂಡಿಗಳನ್ನು ಹಿಂದಕ್ಕೆ ಸರಿಸಿ, ಕಚ್ಚಿಗೆ ಕಚ್ಚು ಕೂಡಿಸಿ, ಎರಡೂ ತುದಿ ಸಮವಾಗಿ ಒತ್ತಿದರೆ ಟಕ್ಕೆಂದು ಕೂಡುತ್ತದೆ. ಹಳದಿ ಅಂಚನ್ನು ಬೆರಳಿನಿಂದ ಮುಟ್ಟಬಾರದು. ಯಂತ್ರ ಏಳದೆ ಬೀಪ್ ಬೀಪ್ ಎಂದು ಕೂಗಿದರೆ ಬಹುಮಟ್ಟಿಗೆ ಪಟ್ಟಿ ಸರಿಯಾಗಿ ಕೂತಿಲ್ಲ. ಪ್ಲಗ್ ಕಿತ್ತು ಮತ್ತೆ ಕೂಡಿಸಿರಿ. ವಾರಂಟಿ ಇರುವ ಅಥವಾ ಸರ್ಕಾರ ಕೊಟ್ಟ ಯಂತ್ರವನ್ನು ಅಪ್ಪಣೆಯಿಲ್ಲದೆ ಬಿಚ್ಚಬೇಡಿರಿ.

ಇನ್ನೊಂದು ಮಾತು. ಮೆಮೊರಿ ಹಾಕಿದ ಮಾತ್ರಕ್ಕೆ ಮುದಿ ಎತ್ತು ಹೋರಿಯಾಗದು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತೀರ ಹಳೆಯ ಯಂತ್ರಕ್ಕೆ ಹಣ ಹಾಕುವ ಮೊದಲು ಅದು ವಿಂಡೋಸ್ 11ಕ್ಕೆ ತಕ್ಕದ್ದೋ ಇಲ್ಲವೋ ತಿಳಿಯಿರಿ. ಅದರಲ್ಲಿ ತಮ್ಮ ಆಧಾರ್, ಬ್ಯಾಂಕಿನ ಲೆಕ್ಕ ಎಲ್ಲ ಇರುತ್ತದೆ.

ಮುಂಗಾರಿಗೆ ಮೊದಲು ನಾವು ಕೂರಿಗೆ ಸರಿಮಾಡಿಕೊಳ್ಳುವುದಿಲ್ಲವೇ? ಹಾಗೆಯೇ ವಿಮೆಯ ದಿನ ಬರುವ ಮೊದಲು ಸಂಘದ ಸಭೆಯಲ್ಲಿ ಎದ್ದು ಕೇಳಿರಿ: ‘ನಮ್ಮ ಕಂಪ್ಯೂಟರಿನಲ್ಲಿ ಮೆಮೊರಿ ಎಷ್ಟಿದೆ, ಎಷ್ಟು ತುಂಬುತ್ತಿದೆ?’ ಈ ಪ್ರಶ್ನೆಗೆ ಕಾಸು ಖರ್ಚಿಲ್ಲ. ಆ ಅಜ್ಜಿಯಂತೆ ಇನ್ನೊಬ್ಬರು ಬರಿಗೈಯಲ್ಲಿ ಮನೆಗೆ ಹೋಗಬಾರದು.