ಮಿರಜಿನ ದೇವಧರ ಮಾಸ್ತರರು

ಕಾಗವಾಡ, ಅಥಣಿ, ರಾಯಬಾಗದ ಕಡೆ ಯಾರಾದರೂ ‘ಮಿರಜಿಗೆ ಹೋಗಿದ್ದೆ’ ಅಂದರೆ ಎದುರಿಗಿದ್ದವರ ಮೊದಲ ಪ್ರಶ್ನೆ, ‘ಯಾರಿಗೆ ಆರಾಮಿಲ್ಲ?’ ಅಷ್ಟರಮಟ್ಟಿಗೆ ಅದು ನಮಗೆ ದವಾಖಾನೆಯ ಊರು. ಆದರೆ ಸಿತಾರು, ತಂಬೂರಿ ಮಾಡುವ ಮನೆತನಗಳೂ ಅಲ್ಲಿವೆ. ಗಾಯಕ ಅಬ್ದುಲ್ ಕರೀಂಖಾನರು ನೆಲೆಸಿದ್ದು ಅಲ್ಲಿ. ಮಲ್ಲಿಕಾರ್ಜುನ ಮನ್ಸೂರರಿಗೆ ತಾಲೀಮು ಕೊಟ್ಟ ನೀಲಕಂಠಬುವಾ ಇದ್ದದ್ದೂ ಅಲ್ಲಿಯೇ.

ಆ ಬುವಾ ಅವರ ಹತ್ತಿರ ಕಲಿತ ಇನ್ನೊಬ್ಬರು ಬಿ. ಆರ್. ದೇವಧರ. ಹುಟ್ಟಿದ್ದು 1901ರಲ್ಲಿ, ಮಿರಜಿನಲ್ಲಿ. ಮುಂದೆ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾಗಿ, 1925ರಲ್ಲಿ ಮುಂಬೈಯಲ್ಲಿ ಸ್ವಂತ ಸಂಗೀತ ಶಾಲೆ ತೆರೆದರು. ಪಾಶ್ಚಾತ್ಯ ಸಂಗೀತವನ್ನೂ ಕಲಿತರು. ದನಿ ಹೇಗೆ ಹುಟ್ಟುತ್ತದೆ, ಗಂಟಲು ಏಕೆ ಕೆಡುತ್ತದೆ ಎಂಬುದನ್ನೂ ಅಭ್ಯಾಸ ಮಾಡಿದರು.

1936ರ ಸುಮಾರಿಗೆ ನಮ್ಮ ಬೆಳಗಾವಿ ಸೀಮೆಯ ಸುಳೇಭಾವಿಯ ಹುಡುಗ ಶಿವಪುತ್ರ, ಅಂದರೆ ಕುಮಾರ ಗಂಧರ್ವ, ದೇವಧರರ ಕೈಗೆ ಬಂದ. ಗ್ರಾಮಫೋನ್ ತಟ್ಟೆಯಲ್ಲಿ ಉಸ್ತಾದರು ಹೇಗೆ ಹಾಡಿದ್ದರೋ ಹಾಗೆಯೇ, ಒಂದು ತಾನೂ ಬಿಡದೆ ಹಾಡುತ್ತಿದ್ದ. ಜನ ಬೆರಗಾಗಿದ್ದರು. ಗುರುವಿಗೆ ಕಷ್ಟ ಇದ್ದದ್ದು ಅಲ್ಲೇ. ಅನುಕರಣೆಯಲ್ಲಿ ಇಷ್ಟು ಗೆದ್ದ ಹುಡುಗನಿಗೆ ರಾಗವನ್ನು ತಾನೇ ಹುಡುಕಲು ಕಲಿಸಬೇಕು. ದೇವಧರರು ತಮ್ಮ ಗಾಯಕಿಯ ಅಚ್ಚನ್ನು ಅವನ ಮೇಲೆ ಒತ್ತಲಿಲ್ಲ. ಶಾಲೆಗೆ ಯಾವ ಘರಾಣೆಯವರು ಬಂದರೂ ಕೇಳಿಸಿದರು. ಫಕೀರನಂತೆ ಅಲೆಯುತ್ತಿದ್ದ ಗಾಯಕ ಸಿಂಧೇಖಾನರೂ ಅಲ್ಲಿಗೆ ಬರುತ್ತಿದ್ದರು. ಅವರ ವೇಷ ಕಂಡು ಬೇರೆಯವರಾಗಿದ್ದರೆ ಬಾಗಿಲಲ್ಲೇ ತಡೆಯುತ್ತಿದ್ದರೋ ಏನೋ. ದೇವಧರರು ಕೂರಿಸಿಕೊಂಡು ಅವರಿಂದ ಚೀಜುಗಳನ್ನು, ಅಂದರೆ ಹಾಡಿನ ರಚನೆಗಳನ್ನು, ಕಲಿತರು.

ಸಂಪಾದಕರಾದಾಗಲೂ, ಯಾರಿಂದಲೂ ಕೇಳಿ ಕಲಿಯುವ ಈ ಗುಣವೇ ಕೈಹಿಡಿಯಿತು. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ‘ಸಂಗೀತ ಕಲಾ ವಿಹಾರ’ ಮಾಸಪತ್ರಿಕೆಯನ್ನು ವರ್ಷಗಟ್ಟಲೆ ಅವರು ನಡೆಸಿದರು. ಮಂಡಳವೆಂದರೆ ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆ ನಡೆಸುವ ಸಂಸ್ಥೆ. ಪತ್ರಿಕೆಯಲ್ಲಿ ಕಲಾವಿದರ ಬಗ್ಗೆ ಬರೆಯುವಾಗ ದೇವಧರರು ಹೊಗಳಿಕೆಯ ಮಾಲೆ ಕಟ್ಟುತ್ತಿರಲಿಲ್ಲ. ಯಾರ ಹತ್ತಿರ ಕಲಿತರು, ರಿಯಾಜು ಹೇಗೆ ಮಾಡುತ್ತಿದ್ದರು, ಸ್ವಭಾವ ಎಂಥದ್ದು ಎಂದು ಬರೆದರು. ಮರಾಠಿಯ ‘ಥೋರ್ ಸಂಗೀತಕಾರ’ ಪುಸ್ತಕ ಓದಿದರೆ ಇದು ತಿಳಿಯುತ್ತದೆ. ಉಸ್ತಾದರು ಬಾಯಿಬಿಟ್ಟು ಹೇಳದಿದ್ದರೆ ಅವರೊಂದಿಗೇ ಮಣ್ಣಾಗುತ್ತಿದ್ದ ಸಂಗತಿಗಳು ಅವು.

ದೇವಧರರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನ ಪ್ರಾಚಾರ್ಯರೂ ಆಗಿದ್ದರು. ತೀರಿಕೊಂಡದ್ದು 1990ರಲ್ಲಿ. ಅದಕ್ಕೂ ಎಷ್ಟೋ ಮೊದಲು ಶಿಷ್ಯ ಕುಮಾರರು ಕ್ಷಯ ತಗುಲಿ ಮಾಳವದ ದೇವಾಸಕ್ಕೆ ಹೋಗಿ, ಹಾಸಿಗೆ ಹಿಡಿದು, ಎದ್ದ ಮೇಲೆ ಅಲ್ಲಿನ ಹಳ್ಳಿಯ ಹಾಡುಗಳಲ್ಲಿ ಹೊಸ ರಾಗಗಳನ್ನು ಕಂಡರು. ಪಲುಸ್ಕರರ ಗ್ವಾಲಿಯರ್ ಪದ್ಧತಿಯ ಕಟ್ಟಾ ಪಕ್ಷಪಾತಿಗಳಿಗೆ ಅದು ಸರಿಬರಲಿಲ್ಲ. ನನ್ನ ಮಟ್ಟಿಗೆ, ಆ ಹುಡುಕಾಟ ದೇವಧರರ ಪಾಠದ ಫಲವೇ.