ಕಡಲಾಚೆಗೆ ಹೋದ ಕಿನ್ನರಲೋಕ

ಕಥೆಯನ್ನು ಹಡಗಿಗೇರಿಸಿ ಎಷ್ಟು ದೂರಕ್ಕಾದರೂ ಒಯ್ಯಬಹುದು. ನಗುವನ್ನು ಹಾಗೆ ಒಯ್ಯುವುದು ಸುಲಭವಲ್ಲ. ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯದಲ್ಲಿ ರಂಗಭೂಮಿಯವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರೆಂಬುದನ್ನು ಈ ಹೊತ್ತು ನಾವು ವಿಚಾರಮಾಡೋಣ.

ಲಂಡನ್ನಿನಲ್ಲಿ ಜೇಮ್ಸ್ ರಾಬಿನ್‌ಸನ್ ಪ್ಲಾಂಷೆ ಎಂಬ ನಾಟಕಕಾರನು ಫ್ರೆಂಚ್ ಲೇಖಕಿ ಮದಾಮ್ ದೋಲ್ನ್ವಾ ಬರೆದ ಅದ್ಭುತ ಕಥೆಗಳನ್ನೆತ್ತಿಕೊಂಡು ಪ್ರಾಸಬದ್ಧವಾದ ವಿನೋದ ರೂಪಕಗಳನ್ನು ರಚಿಸಿದನು. 1843ರ 'ಫಾರ್ಚುನಿಯೊ', 1849ರ 'ರತ್ನದ್ವೀಪ' ಈ ಬಗೆಯವು. ಇಂತಹ ಆಟಗಳಲ್ಲಿ ರಾಜಕುಮಾರನ ವೇಷವನ್ನು ಅನೇಕವೇಳೆ ನಟಿಯೇ ಧರಿಸುವಳು, ಹಳೆಯ ಮಟ್ಟುಗಳಿಗೆ ಹೊಸ ಹಾಡು, ಹೆಜ್ಜೆಹೆಜ್ಜೆಗೂ ಶ್ಲೇಷೆ, ನಡುನಡುವೆ ಊರಿನ ಸುದ್ದಿಯ ಮೇಲೊಂದು ಕುಟುಕು.

1851ರಲ್ಲಿ ವಿಕ್ಟೋರಿಯ ವಸಾಹತಿನಲ್ಲಿ ಚಿನ್ನ ದೊರೆಯಿತು. ಜನ ಹರಿದುಬಂದರು, ಅವರ ಹಿಂದೆಯೇ ನಾಟಕವೂ ಬಂದಿತು. ಆದರೆ ಲಂಡನ್ನಿನ ಬೀದಿಯನ್ನೂ ಅಲ್ಲಿನ ಮಂತ್ರಿಗಳನ್ನೂ ಕುರಿತ ಕುಟುಕು ಮೆಲ್ಬರ್ನಿನಲ್ಲಿ ಯಾರಿಗೆ ತಗುಲೀತು? ಕ್ರಿಸ್‌ಮಸ್ಸಿನ ಆಟಗಳು ಅಲ್ಲಿ ನಡುಬೇಸಗೆಯ ಸೆಕೆಯಲ್ಲಿ ನಡೆಯುತ್ತಿದ್ದುವು. ಆದುದರಿಂದ ಡಬ್ಲ್ಯು. ಎಂ. ಅಖರ್ಸ್ಟ್ ಮೊದಲಾದವರು ಕಥೆಯ ಎಲುಬನ್ನುಳಿಸಿಕೊಂಡು ಮಾಂಸವನ್ನು ಹೊಸದಾಗಿ ತುಂಬಿದರು. ಅಖರ್ಸ್ಟ್ ಪತ್ರಿಕೋದ್ಯೋಗಿಯೂ ಆಗಿದ್ದನು. ಊರಿನ ದಿನದಿನದ ಮಾತು ಅವನ ಕೈಗೆ ತಾನಾಗಿ ಸಿಕ್ಕುತ್ತಿತ್ತು. ಮುಂದೆ ಟಾಸ್ಮೇನಿಯದಲ್ಲೇ ಹುಟ್ಟಿದ ಗಾರ್ನೆಟ್ ವಾಲ್ಷ್ 1873ರ ಕ್ರಿಸ್‌ಮಸ್ಸಿಗೆ 'ಆಸ್ಟ್ರೇಲಿಯ ಫೆಲಿಕ್ಸ್' ಎಂಬ ಆಟವನ್ನು ಬರೆದನು. ಅದರ ಉಪನಾಮದಲ್ಲಿ ಆ ನಾಡಿನ ನಗುವ ಹಕ್ಕಿಯೂ ಮಂತ್ರದ ಕ್ರಿಕೆಟ್ ದಾಂಡೂ ಸೇರಿವೆ. ಗ್ರೇಸ್ ನಾಯಕನಾಗಿದ್ದ ಇಂಗ್ಲಿಷ್ ತಂಡವು ಅಲ್ಲಿ ಆಡುತ್ತಿದ್ದ ಬೇಸಗೆಯದು! ಮಂತ್ರದಂಡವಿರಬೇಕಾದ ಕೈಯಲ್ಲಿ ಕ್ರಿಕೆಟ್ ದಾಂಡು ಬಂದಾಗ ಕಿನ್ನರಲೋಕವು ಆ ನೆಲದ್ದೇ ಆಯಿತು.

ಇದು ಬರಿಯ ವಿನೋದವೆಂದು ತಿಳಿಯಬಾರದು. 1873ರಲ್ಲಿ ಲಂಡನ್ನಿನಲ್ಲಿ ಗಿಲ್ಬರ್ಟ್ ಮತ್ತು ಎ'ಬೆಕೆಟ್ ಎಂಬವರು 'ಸುಖದ ನಾಡು' ಎಂಬ ಪ್ರಹಸನವನ್ನು ಆಡಿಸಿದರು. ಭೂಲೋಕದ ಪ್ರಜಾಪ್ರಭುತ್ವವನ್ನು ಕಲಿಯಹೊರಟ ಕಿನ್ನರಿಯರಿಗೆ ಮೂವರು ಮಂತ್ರಿಗಳು ಗುರುಗಳಾಗುವ ಕಥೆ ಅದು. ನಟರು ಗ್ಲ್ಯಾಡ್‌ಸ್ಟನ್ ಮುಂತಾದ ಮಂತ್ರಿಗಳಂತೆಯೇ ವೇಷ ಕಟ್ಟಿದುದರಿಂದ ಅಧಿಕಾರಿಗಳು ಅದನ್ನು ತಡೆದರು. 1880ರಲ್ಲಿ ಮಾರ್ಕಸ್ ಕ್ಲಾರ್ಕ್ ಅದನ್ನು ಮೆಲ್ಬರ್ನಿಗೆ ಅಳವಡಿಸಿ, ವಿಕ್ಟೋರಿಯದ ಮುಖ್ಯಮಂತ್ರಿ ಗ್ರೇಹಂ ಬೆರಿಯ ಆಡಳಿತದತ್ತ ಬಾಣವನ್ನು ತಿರುಗಿಸಿದನು. ಬೆರಿಯ ಸರ್ಕಾರವು 1878ರ ಜನವರಿಯಲ್ಲಿ ಅನೇಕ ಅಧಿಕಾರಿಗಳನ್ನು ಒಂದೇ ದಿನ ವಜಾಮಾಡಿದ್ದುದರ ಗಾಯ ಇನ್ನೂ ಮಾಗಿರಲಿಲ್ಲ. ಸರ್ಕಾರವು ಈ ಆಟಕ್ಕೂ ತಡೆಯೊಡ್ಡಿತು.

ಲಂಡನ್ನಿನ ಮಂತ್ರಿಗಳನ್ನು ಹಾಸ್ಯಮಾಡಿದ್ದರೆ ಮೆಲ್ಬರ್ನಿನಲ್ಲಿ ಯಾರೂ ಮುನಿಯುತ್ತಿರಲಿಲ್ಲ; ಯಾರೂ ಮನಸಾರೆ ನಗುತ್ತಲೂ ಇರಲಿಲ್ಲವೆಂದು ನಮಗೆ ತೋರುತ್ತದೆ. ಎರವಲು ಆಟವು ನಮ್ಮದಾಯಿತೋ ಇಲ್ಲವೋ ಎಂಬುದನ್ನು ಪ್ರೇಕ್ಷಕರ ಚಪ್ಪಾಳೆ ಒಂದು ವಿಧವಾಗಿ ತಿಳಿಸಿದರೆ, ಆಳುವವರ ಮುನಿಸು ಇನ್ನೊಂದು ವಿಧವಾಗಿ ತಿಳಿಸುತ್ತದೆ. ಕ್ಲಾರ್ಕನ ಕಿನ್ನರಿಯರು ಆ ಎರಡನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರು.