ವಿಮಾನವೇಕೆ ಕುಲುಕುತ್ತದೆ?



ವಾಮಂಜೂರಿನಲ್ಲಿರುವ ನನ್ನ ದೊಡ್ಡಮ್ಮನವರು ದುಬೈಯಲ್ಲಿನ ಮಗಳ ಮನೆಯಿಂದ ಹಿಂದಿರುಗುವಾಗ ಅರಬೀ ಸಮುದ್ರವನ್ನು ನಿದ್ದೆಯಲ್ಲಿಯೇ ದಾಟಿದರು. ಕರಾವಳಿಯನ್ನು ಹಾದು ಬಜ್ಪೆಗೆ ಇಳಿಯುವಾಗ ವಿಮಾನವು ಕುಲುಕತೊಡಗಿತು. ಆಕಾಶದಲ್ಲಿ ಗಾಳಿಯಿಲ್ಲದ ಹೊಂಡಗಳಿರುವುವೆಂದು ಪಕ್ಕದವರಾರೋ ವಿವರಿಸಿದರಂತೆ. ಅಂದಿನಿಂದ ಅವರು ವಿಮಾನವನ್ನೇರಲೊಲ್ಲರು. ಮಗಳ ಎರಡನೆಯ ಬಾಣಂತನಕ್ಕೂ ಹೋಗಲಿಲ್ಲ.

ಆಕಾಶದಲ್ಲಿ ಹೊಂಡವೆಂಬುದಿಲ್ಲ. ಗಾಳಿಯು ಒಂದೆಡೆ ಏರುತ್ತ, ಪಕ್ಕದಲ್ಲಿಯೇ ಇಳಿಯುತ್ತಿರುವುದು, ಅಷ್ಟೆ. ಬೇಸಗೆಯಲ್ಲಿ ಹಗಲು ಹನ್ನೊಂದು ಗಂಟೆಗೆ ನಮ್ಮ ಮುರಕಲ್ಲಿನ ಗುಡ್ಡದ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗದು. ಅದೇ ಗಳಿಗೆಯಲ್ಲಿ ಪಣಂಬೂರಿನ ಕಡಲಿಗಿಳಿದರೆ ನೀರು ಅಷ್ಟು ಬಿಸಿಯಾಗಿರದು. ಬಿಸಿಲು ಎರಡಕ್ಕೂ ಒಂದೇ. ಆದರೆ ಒಂದು ಸೇರು ತೂಕದ ನೀರನ್ನು ಬಿಸಿಮಾಡಲು ಅಷ್ಟೇ ತೂಕದ ಕಲ್ಲಿಗಿಂತ ನಾಲ್ಕೈದು ಪಾಲು ಶಾಖ ಬೇಕು. ಮೇಲಾಗಿ ಕಡಲಿನಲ್ಲಿ ಬಿಸಿಲು ಆಳಕ್ಕಿಳಿಯುತ್ತದೆ, ಅಲೆಗಳು ಶಾಖವನ್ನು ಕಲಸಿ ಹಂಚುತ್ತವೆ, ಒಂದಿಷ್ಟು ಆವಿಯೊಡನೆ ಹೊರಟುಹೋಗುತ್ತದೆ. ಕಲ್ಲಾದರೋ ತನಗೆ ಬಿದ್ದುದನ್ನೆಲ್ಲ ಮೈಮೇಲೆಯೇ ಇಟ್ಟುಕೊಂಡು, ತನ್ನನ್ನು ಮುಟ್ಟಿದ ಗಾಳಿಯನ್ನು ಕಾಯಿಸುವುದು. ಹಗುರಾದ ಆ ಗಾಳಿ ಕಂಬಕಂಬವಾಗಿ ಮೇಲೇಳುತ್ತದೆ. ಗುಡ್ಡದ ಮೇಲೆ ಹದ್ದು ರೆಕ್ಕೆ ಬಡಿಯದೆ ಏರುವುದನ್ನು ದೊಡ್ಡಮ್ಮನವರು ಅಂಗಳದಿಂದಲೇ ದಿನವೂ ನೋಡುತ್ತಾರೆ. ಹದ್ದನ್ನು ಎತ್ತುವ ಗಾಳಿಯೇ ಅವರ ವಿಮಾನವನ್ನೂ ಎತ್ತಿ ಇಳಿಸಿದುದು.

ಇದಲ್ಲದೆ ಗುಡ್ಡ, ತೋಪು, ಫಲ್ಗುಣಿಯ ಕಣಿವೆ, ಇವು ಬೀಸುಗಾಳಿಯನ್ನು ತಡೆದು ಸುಳಿಯಾಗಿಸುತ್ತವೆ. ಕಡಲಿನ ಮೇಲೆ ಅಂಥ ತಡೆ ಕಡಿಮೆ.

ಕುಲುಕಾಟದ ಎಲ್ಲೆಯು ದಡದಲ್ಲಿಯೇ ಇರುವುದೆಂದು ಎಣಿಸಬಾರದು. ಹೊತ್ತೇರಿದಂತೆ ತಂಪಾದ ಕಡಲಗಾಳಿ ಒಳನಾಡಿಗೆ ನುಗ್ಗಿ, ಬಿಸಿಗಾಳಿಯ ಕೆಳಗೆ ನುಸುಳಿ ಅದನ್ನು ಮೇಲೆತ್ತುತ್ತದೆ. ಎರಡೂ ಕೂಡುವ ಆ ಗೆರೆ ಘಟ್ಟದ ಕಡೆಗೆ ಸರಿಯುತ್ತ ಹೋಗುವುದು. ಅದು ಹಾದುಹೋದ ಮೇಲೆ ಕರಾವಳಿಯ ಗಾಳಿ ಬಹುಮಟ್ಟಿಗೆ ಸಮಾಧಾನಕ್ಕೆ ಬರುತ್ತದೆ. ಇವೆಲ್ಲವೂ ನೆಲದಿಂದ ಕೆಲವು ಸಾವಿರ ಅಡಿಗಳವರೆಗಿನ ವ್ಯಾಪಾರ. 30,000 ಅಡಿಯ ಮೇಲೆ ಹಾರುವ ವಿಮಾನಕ್ಕೆ ಕೆಳಗಿರುವುದು ಕಲ್ಲೋ ನೀರೋ ಎಂಬ ಭೇದ ಅಷ್ಟಾಗಿ ತಟ್ಟದು. ಆದುದರಿಂದಲೇ ಇಳಿಯುವಾಗ ಅದು ಒಮ್ಮೆಗೇ ತೋರುವುದು.

ಕಡಲು ಸದಾ ಸಾಧುವೆಂದು ನಾನು ಹೇಳಲಾರೆ. ಮಳೆಗಾಲದ ಮೋಡಗಳೊಳಗೆ ಅದರ ಮೇಲೂ ಗಾಳಿ ಕೆರಳಿರುತ್ತದೆ. ಸೊಂಟಪಟ್ಟಿಯನ್ನು ಬಿಗಿದೇ ಕುಳಿತಿರಬೇಕು. ಪೆಟ್ಟಾಗುವುದು ಹೆಚ್ಚಾಗಿ ಪಟ್ಟಿ ಕಟ್ಟದವರಿಗೆ.

ಇಷ್ಟನ್ನೂ ದೊಡ್ಡಮ್ಮನವರಿಗೆ ಹೇಳಿದೆ. ನೆಲ ಕಾಯುವ ಮೊದಲೇ, ನಸುಕಿನಲ್ಲಿ ಹೊರಡುವ ವಿಮಾನವುಂಟೇ ಎಂದು ಕೇಳಿದ್ದಾರೆ. ವಿಚಾರಿಸುತ್ತಿದ್ದೇನೆ.